ಆರ್ಟ್ ಸಿಲ್ಕಿನ ಅಪ್ಪ ಮತ್ತು ಈಥರಿನ ವಾಸನೆ

ಕಳೆದ ದೀಪಾವಳಿಗೆ ಅಮ್ಮ ಪುಣೆಗೆ ಬಂದಿದ್ದರು. ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಹಸಿರು ಸೀರೆಯೊಂದಕ್ಕೆ ‘ಆರ್ಟ್ ಸಿಲ್ಕ್’ ಎಂಬ ಚೀಟಿ ಅಂಟಿಸಿದ್ದರು. ಆರ್ಟ್ ಅಂದರೆ ಕಲೆ, ಕೈಕೆಲಸದ ರೇಷ್ಮೆ ಇರಬೇಕು ಎಂದು ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ ಹೇಳಿದೆ. ಅಮ್ಮ ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಉಜ್ಜಿ ಕೆಳಗಿಟ್ಟರು. ಇದು ಹುಳು ಬಿಟ್ಟ ನೂಲಲ್ಲ ಎಂದಷ್ಟೇ ಹೇಳಿದರು. ಶಿಡ್ಲಘಟ್ಟದ ಕಡೆ ಮೂವತ್ತೈದು ವರ್ಷ ಹುಳು ಮೇಯಿಸಿದ ಬೆರಳುಗಳು. ಅಂಗಡಿಯವನು ನಕ್ಕು ಒಪ್ಪಿಕೊಂಡ. ಆರ್ಟ್ ಎಂದರೆ ಆರ್ಟಿಫಿಶಿಯಲ್ ಎಂಬುದರ ಮೋಟು ರೂಪವಂತೆ. ಆದರೂ ಬಣ್ಣ ಚೆನ್ನಾಗಿದೆ ಎಂದು ಅಮ್ಮ ಅದೇ ಜಾತಿಯ ಒಂದು ಬ್ಲೌಸ್ ಪೀಸ್ ಕೊಂಡರು. ಮನೆಗೆ ಬಂದು ಅಂಚಿನ ಒಂದೆಳೆ ಕಿತ್ತು ಗ್ಯಾಸ್ ಉರಿಗೆ ಹಿಡಿದರು. ಕೂದಲು ಸುಟ್ಟ ವಾಸನೆ ಬರಲಿಲ್ಲ. ಕಾಗದದ ಹಾಗೆ ಭಗ್ಗೆಂದು ಉರಿದು ಬೂದಿಯಾಯಿತು.

ಆ ಎಳೆಯ ಮೂಲಪುರುಷನ ಬಗ್ಗೆ ನಾನು ಅದಾಗಲೇ ಸಾಕಷ್ಟು ಓದಿಕೊಂಡಿದ್ದೆ. ಹೆಸರು ಇಲೇರ್ ದ ಶಾರ್ಡೊನೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನಿಗೆ ಫ್ರಾನ್ಸಿನ ಈ ಕೌಂಟ್ ಯಾಕೆ ಬೇಕಾದ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಶಾರ್ಡೊನೆ ಹುಟ್ಟಿದ್ದು 1839ರಲ್ಲಿ, ಪೂರ್ವ ಫ್ರಾನ್ಸಿನ ಬೆಸಾಂಸೋ ಪಟ್ಟಣದಲ್ಲಿ. ಡೂ ನದಿ ಸುತ್ತು ಹಾಕಿಕೊಂಡು ಹೋಗುವ, ಗಡಿಯಾರ ತಯಾರಿಕೆಗೆ ಹೆಸರಾದ ಊರು. ವಿಕ್ಟರ್ ಹ್ಯೂಗೋ ಹುಟ್ಟಿದ್ದೂ ಅಲ್ಲೇ, ಸಿನಿಮಾದ ಲ್ಯೂಮಿಯೇರ್ ಸೋದರರು ಹುಟ್ಟಿದ್ದೂ ಅಲ್ಲೇ. ಶಾರ್ಡೊನೆಯದು ಸಿರಿವಂತ ಜಮೀನುದಾರ ಮನೆತನ. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ಎಂಜಿನಿಯರ್ ಆದ. ದುಡಿದು ತಿನ್ನಬೇಕಾದ ದರ್ದು ಇಲ್ಲದ್ದರಿಂದ ಮನಸ್ಸು ಹೋದತ್ತ ಹೋಗುವ ಸ್ವಾತಂತ್ರ್ಯವಿತ್ತು. ನೇರಳಾತೀತ ಕಿರಣಗಳು ಕಣ್ಣಿನೊಳಗೆ ಎಷ್ಟು ಇಳಿಯುತ್ತವೆ ಎಂಬುದನ್ನೂ ಕೆಲವು ಕಾಲ ಅಧ್ಯಯನ ಮಾಡಿದ.

ಆತ ಹುಡುಗನಾಗಿದ್ದಾಗಲೇ ಫ್ರಾನ್ಸಿನ ರೇಷ್ಮೆಗೆ ಗ್ರಹಣ ಹಿಡಿದಿತ್ತು. ಪೆಬ್ರಿನ್ ಎಂಬ ರೋಗ. ನಮ್ಮ ಕಡೆ ಅದಕ್ಕೆ ಗಂಟು ರೋಗ ಎನ್ನುತ್ತಾರೆ. ಹುಳುವಿನ ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆಗಳು, ಏರುಪೇರಾಗಿ ಬೆಳೆಯುವ ಹುಳುಗಳು, ಆಮೇಲೆ ತಟ್ಟೆಗೆ ತಟ್ಟೆಯೇ ಸಾಲುಸಾಲು ಸಾವು. 1853ರಲ್ಲಿ ಸುಮಾರು 26 ಸಾವಿರ ಟನ್ ಇದ್ದ ಫ್ರಾನ್ಸಿನ ಗೂಡಿನ ಉತ್ಪಾದನೆ 1865ರ ಹೊತ್ತಿಗೆ 4 ಸಾವಿರ ಟನ್ನಿಗೆ ಕುಸಿಯಿತು. ಆ ವರ್ಷ ಸರ್ಕಾರ ಲೂಯಿ ಪಾಶ್ಚರನನ್ನು ದಕ್ಷಿಣದ ಅಲೇಸ್ ಪಟ್ಟಣಕ್ಕೆ ಕಳಿಸಿತು. ರೇಷ್ಮೆ ಹುಳುವಿನ ಬಗ್ಗೆ ಏನೇನೂ ಗೊತ್ತಿಲ್ಲದ ಪಾಶ್ಚರ್ ಕೆಲವೇ ವರ್ಷಗಳಲ್ಲಿ ದಾರಿ ಕಂಡುಕೊಂಡ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುವುದು, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶ ಮಾಡುವುದು. ಇವತ್ತಿಗೂ ಕರ್ನಾಟಕದ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಆ ತತ್ವದ ಮೇಲೆಯೇ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಸಿಲ್ಕ್ ಬೋರ್ಡ್ ಎಂದರೆ ಟ್ರಾಫಿಕ್ ಜಾಮ್. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಕೇಳಿದರೆ ರೋಗವಿಲ್ಲದ ಮೊಟ್ಟೆಯ ನೆನಪಾಗುತ್ತಿತ್ತು.

ಶಾರ್ಡೊನೆ ಪಾಶ್ಚರನ ಬಳಿ ಕಲಿತವನು. ಗುರು ಹುಳುವನ್ನು ಬದುಕಿಸುವ ದಾರಿ ಹುಡುಕಿದ. ಶಿಷ್ಯನ ತಲೆ ಬೇರೆ ಕಡೆ ಓಡಿತು. ಹುಳುವಿನ ಹಂಗೇ ಇಲ್ಲದೆ ನೂಲು ತೆಗೆಯಲು ಆಗದೇ?

ಆಸೆ ಹೊಸದಲ್ಲ. 1665ರಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಅಂಥದೊಂದು ಅಂಟನ್ನು ಎಳೆದು ನೂಲು ಮಾಡಬಹುದೇನೋ ಎಂದು ಊಹಿಸಿದ್ದ. 1855ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಓದೆಮಾರ್ ಹಿಪ್ಪುನೇರಳೆ ತೊಗಟೆಯ ತಿರುಳಿನಿಂದ ಮಾಡಿದ ದ್ರಾವಣಕ್ಕೆ ಸೂಜಿ ಅದ್ದಿ ಎಳೆ ಎಳೆದಿದ್ದ. ಸೂಜಿಯಿಂದ ಒಂದೊಂದೇ ಎಳೆ ತೆಗೆದರೆ ಸೀರೆ ಆಗುವುದು ಯಾವಾಗ? ಶಾರ್ಡೊನೆಯ ಕಥೆ 1878ರಿಂದ ಶುರುವಾಗುತ್ತದೆ. ಫೋಟೊ ತೊಳೆಯುವ ಕತ್ತಲಕೋಣೆಯಲ್ಲಿ ಕೊಲೋಡಿಯನ್ ಸೀಸೆ ಉರುಳಿತಂತೆ, ತಕ್ಷಣ ಒರೆಸದೆ ಆಮೇಲೆ ಒರೆಸಲು ಹೋದಾಗ ಅರ್ಧ ಒಣಗಿದ ಅಂಟು ಬಟ್ಟೆಗೆ ಹತ್ತಿ ರೇಷ್ಮೆಯಂಥ ಎಳೆಗಳಾಗಿ ಎದ್ದು ಬಂತಂತೆ. ಹೀಗೆ ಉರುಳುವ ಸೀಸೆಗಳು ವಿಜ್ಞಾನದ ಕಥೆಗಳಲ್ಲಿ ಸ್ವಲ್ಪ ಜಾಸ್ತಿಯೇ. ಕಥೆಯಲ್ಲಿ ನನಗೆ ಹಿಡಿಸಿದ್ದು ‘ಅರ್ಧ ಒಣಗಿದ’ ಎಂಬ ಮಾತು. ಆತನ ಮುಂದಿನ ಬದುಕೆಲ್ಲ ಉಳಿದ ಅರ್ಧವನ್ನು ಒಣಗಿಸುವುದರಲ್ಲೇ ಹೋಯಿತು.

ಕೊಲೋಡಿಯನ್ ಎಂದರೆ ನೈಟ್ರಿಕ್ ಆಮ್ಲ ಉಣಿಸಿದ ಹತ್ತಿಯನ್ನು, ಅಂದರೆ ನೈಟ್ರೋಸೆಲ್ಯುಲೋಸನ್ನು, ಈಥರ್ ಮತ್ತು ಆಲ್ಕೋಹಾಲಿನ ಮಿಶ್ರಣದಲ್ಲಿ ಕರಗಿಸಿದ ಅಂಟು. ಬರೀ ಹತ್ತಿ ಈ ದ್ರಾವಕಗಳಲ್ಲಿ ಕರಗದು, ಅದಕ್ಕೇ ಆಮ್ಲದ ಉಪಚಾರ. ಕರಗಿದ್ದನ್ನು ಸಣ್ಣ ತೂತಿನಿಂದ ಹೊರಗೆ ಒತ್ತಿ, ದ್ರಾವಕ ಹಾರಿಹೋಗುವಂತೆ ಮಾಡಿದರೆ ಉಳಿಯುವುದು ಎಳೆ. ಹೇಳಲು ಒಂದು ಸಾಲು.

ಹುಳುವಿಗೂ ಇದೇ ಫಜೀತಿ ಇದೆ ಎನ್ನುವುದು ನನಗೆ ಹೊಳೆದದ್ದು ಈಚೆಗೆ. ಹುಳುವಿನ ಹೊಟ್ಟೆಯಲ್ಲಿರುವುದು ನೂಲಲ್ಲ, ಮುಕ್ಕಾಲುಪಾಲು ನೀರಿರುವ ಒಂದು ಗಟ್ಟಿ ದ್ರಾವಣ. ಹುಳು ಹಣ್ಣಾದಾಗ ಚಂದ್ರಿಕೆಗೆ ಬಿಡುತ್ತೇವೆ. ಅದು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆಯನ್ನು ಎಳೆಯುತ್ತದೆ. ಎಳೆತಕ್ಕೆ ರೇಷ್ಮೆ ಗಟ್ಟಿಯಾಗುತ್ತದೆ, ನೀರು ಗಾಳಿಗೆ ಹೋಗುತ್ತದೆ. ಚಂದ್ರಿಕೆ ಕಟ್ಟಿದ ದಿನಗಳಲ್ಲಿ ಅಮ್ಮ ಕಿಟಕಿ ಬಾಗಿಲು ತೆಗೆದಿಡಿ ಎಂದು ಮನೆಯವರನ್ನೆಲ್ಲ ಗದರುತ್ತಿದ್ದರು. ಗಾಳಿಯಾಡದೆ ಥಂಡಿ ಹಿಡಿದರೆ ಗೂಡು ಮೆತ್ತಗಾಗಿ, ಬಿಚ್ಚುವಾಗ ಎಳೆ ಪಟಪಟ ಕಡಿಯುತ್ತದೆ, ರೀಲರು ಬೆಲೆ ಇಳಿಸುತ್ತಾರೆ. ಹುಳುವಿನ ದ್ರಾವಕ ನೀರಾದ್ದರಿಂದ ಕಿಟಕಿ ತೆಗೆದರೆ ಕೆಲಸ ಮುಗಿಯಿತು. ಶಾರ್ಡೊನೆಯ ದ್ರಾವಕ ಈಥರ್. ಅದು ಕುದಿಯುವುದು 35 ಡಿಗ್ರಿಗೆ, ನಮ್ಮ ಏಪ್ರಿಲ್ ಮಧ್ಯಾಹ್ನದ ಶಾಖ ಸಾಕು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿಗೆ ಸಿಡಿಯುತ್ತದೆ. ಆವಿ ಗಾಳಿಗಿಂತ ಭಾರ. ಮೇಲೆ ಹಾರದೆ ನೆಲದ ಮೇಲೆ ಹಾವಿನಂತೆ ಹರಿದು ದೂರದ ಉರಿಯನ್ನು ಹುಡುಕಿಕೊಂಡು ಹೋಗುತ್ತದೆ.

1884ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಏರ್ಪಾಟಿನಲ್ಲಿ ಕೂದಲಿನಷ್ಟು ಸಪೂರ ರಂಧ್ರದ ಗಾಜಿನ ಕೊಳವೆಗಳಿಂದ ಅಂಟು ಹೊರಬರುವ ಜಾಗದಲ್ಲೇ ನೀರು ಸುತ್ತುವರಿದಿತ್ತು. ನೀರು ಆಲ್ಕೋಹಾಲನ್ನು ಹೀರುತ್ತದೆ, ಎಳೆಯ ಮೇಲೊಂದು ಸಿಪ್ಪೆ ಕಟ್ಟುತ್ತದೆ, ಆಮೇಲೆ ಎಳೆಯನ್ನು ಗಾಳಿಗೆ ಎತ್ತಿ ಸುತ್ತುವುದು. ತೊಂದರೆಯೆಂದರೆ ಹೀರಿದ ಆಲ್ಕೋಹಾಲು ಕೆರೆ ನೀರಿಗೆ ಸುರಿದ ಹಾಲಿನ ಹಾಗೆ ತೆಳುವಾಗಿಬಿಡುತ್ತದೆ. ಅದನ್ನು ಮತ್ತೆ ಭಟ್ಟಿಯಿಳಿಸಲು ಬೇಕಾಗುವ ಸೌದೆಯ ಖರ್ಚು ಬೇರೆ. ಹಾಗಾಗಿ ಮುಂದೆ ನೀರನ್ನು ಬಿಟ್ಟು ನೇರವಾಗಿ ಗಾಳಿಯಲ್ಲೇ ಒಣಗಿಸುವ ಕ್ರಮ ಬಂತು. ಇವತ್ತಿನ ಕಾರ್ಖಾನೆಗಳಲ್ಲಿ ಡ್ರೈ ಸ್ಪಿನ್ನಿಂಗ್ ಎನ್ನುವುದು ಇದರದೇ ಮೊಮ್ಮಗ.

ಒಣಗಿಸುವುದೂ ಸಲೀಸಲ್ಲ. ಅಮ್ಮಂದಿರು ಮಾಳಿಗೆ ಮೇಲೆ ಸಂಡಿಗೆ ಒಣಗಿಸುವುದನ್ನು ನೋಡಿದವರಿಗೆ ಗೊತ್ತು. ಉರಿಬಿಸಿಲಿಗೆ ಮೇಲ್ಪದರ ಗರಿಗರಿಯಾಗಿ ಒಳಗೆ ಹಸಿಯುಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಎಳೆಯದೂ ಅದೇ ಕಥೆ. ಹೊರಗಿನ ದ್ರಾವಕ ಬೇಗ ಹೋದರೆ ಸಿಪ್ಪೆ ಬಿಗಿಯುತ್ತದೆ, ಒಳಗಿನದು ಆ ಸಿಪ್ಪೆಯನ್ನು ದಾಟಿ ನಿಧಾನಕ್ಕೆ ಹೊರಬರಬೇಕು. ಬಂದಂತೆಲ್ಲ ಒಡಲು ಬರಿದಾಗಿ ಸಿಪ್ಪೆ ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ. ಹೀಗೆ ಒಣಗಿಸಿ ತೆಗೆದ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿರದೆ ಅಂಕುಡೊಂಕಾಗಿ ಕಾಣುವುದು ಅದಕ್ಕೇ.

1889ರಲ್ಲಿ ಪ್ಯಾರಿಸ್ ಮಹಾಪ್ರದರ್ಶನ ನಡೆಯಿತು. ಐಫೆಲ್ ಗೋಪುರ ಎದ್ದ ವರ್ಷ. ಅಲ್ಲಿ ಶಾರ್ಡೊನೆ ತನ್ನ ರೇಷ್ಮೆಯನ್ನು ಜನರ ಮುಂದಿಟ್ಟ. ಹುಳುವಿಲ್ಲದ ರೇಷ್ಮೆ ಬೆರಗು ಹುಟ್ಟಿಸಿತು, ದೊಡ್ಡ ಬಹುಮಾನವೂ ಬಂತು. ಇಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಹೆಸರು ಹೇಳದಿದ್ದರೆ ಅನ್ಯಾಯ. ವಿದ್ಯುದ್ದೀಪದೊಳಗಿನ ತಂತಿಗಾಗಿ ಆತ ಅದಕ್ಕೂ ಮೊದಲೇ ಇಂಥದೇ ಎಳೆ ತೆಗೆದಿದ್ದ, ಆತನ ಹೆಂಡತಿ ಹೆಣೆದ ತುಂಡುಗಳನ್ನು 1885ರಲ್ಲಿ ಲಂಡನ್ನಿನಲ್ಲಿ ತೋರಿಸಿಯೂ ಇದ್ದ. ಆದರೆ ಆತನಿಗೆ ಬೇಕಿದ್ದದ್ದು ದೀಪ. ಬಟ್ಟೆಯ ಹಿಂದೆ ಬಿದ್ದವನು ಶಾರ್ಡೊನೆ.

1891-92ರ ಹೊತ್ತಿಗೆ ಹುಟ್ಟೂರಿನಲ್ಲೇ, ಡೂ ನದಿಯ ದಂಡೆಯಲ್ಲಿ ಕಾರ್ಖಾನೆ ಶುರುವಾಯಿತು. ಮನುಷ್ಯ ತಯಾರಿಸಿದ ನೂಲನ್ನು ವ್ಯಾಪಾರಕ್ಕಾಗಿ ತೆಗೆದ ಜಗತ್ತಿನ ಮೊದಲ ಕಾರ್ಖಾನೆ. ಇಲ್ಲಿ ನಾನು ಸ್ವಲ್ಪ ಲೆಕ್ಕ ಹಾಕುತ್ತೇನೆ, ಎಂಟೆಕ್ ಮಾಡಿದವರ ಚಟ. ಅಂಟಿನಲ್ಲಿ ಐದನೇ ಒಂದು ಪಾಲು ನೈಟ್ರೋಸೆಲ್ಯುಲೋಸ್ ಎಂದಿಟ್ಟುಕೊಳ್ಳಿ. ಅಂದರೆ ಒಂದು ಕಿಲೋ ನೈಟ್ರೋಸೆಲ್ಯುಲೋಸಿಗೆ ನಾಲ್ಕು ಕಿಲೋ ಈಥರ್ ಮತ್ತು ಆಲ್ಕೋಹಾಲ್. ಹೀಗೆ ಬಂದ ಎಳೆ ಬಟ್ಟೆಗೆ ಆಗದು. ಅದು ಬಂದೂಕಿನ ಮದ್ದಿನ ಖಾಸಾ ಸೋದರ, ಸಿಗರೇಟಿನ ಕಿಡಿ ತಾಗಿದರೆ ಮೈಮೇಲಿನ ಸೀರೆ ಕಣ್ಣು ಮಿಟುಕಿಸುವುದರಲ್ಲಿ ಇಲ್ಲ. ಲ್ಯೂಮಿಯೇರ್ ಸೋದರರ ಸಿನಿಮಾ ಫಿಲ್ಮು ಕೂಡ ಇದೇ ವಸ್ತುವಿನದು. ಹಳೆಯ ಟಾಕೀಸುಗಳು ಹೊತ್ತಿ ಉರಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಆದ್ದರಿಂದ ಎಳೆಯನ್ನು ಅಮೋನಿಯಂ ಸಲ್ಫೈಡಿನಂಥ ರಾಸಾಯನಿಕದಲ್ಲಿ ಅದ್ದಿ ನೈಟ್ರೇಟನ್ನು ಕಿತ್ತು ಮತ್ತೆ ಬರೀ ಸೆಲ್ಯುಲೋಸ್ ಮಾಡಬೇಕು. ಅಷ್ಟರಲ್ಲಿ ತೂಕದ ಮೂರನೇ ಒಂದು ಭಾಗ ಹೋಗಿರುತ್ತದೆ. ಕೊನೆಗೆ ಕೈಗೆ ಬರುವ ಒಂದು ಕಿಲೋ ನೂಲಿಗೆ ಸುಮಾರು ಆರು ಕಿಲೋ ದ್ರಾವಕ ಆವಿಯಾಗಿರುತ್ತದೆ. ಸೀರೆ ಕಾರ್ಖಾನೆ ಎನ್ನುವುದಕ್ಕಿಂತ ಈಥರ್ ಆವಿ ಮಾಡುವ ಕಾರ್ಖಾನೆ ಎನ್ನುವುದೇ ಸರಿ, ನೂಲು ಅದರ ಉಪ ಉತ್ಪನ್ನ.

ಬೆಂಕಿಗಳಾದವು, ಸ್ಫೋಟಗಳಾದವು. ಈಥರ್ ಎಂದರೆ ಆಗಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನಿದ್ದೆಗೆ ಕೆಡಹುತ್ತಿದ್ದ ಅದೇ ಆವಿ. ಕತ್ತಿ ಮುಟ್ಟಿದರೂ ಎಚ್ಚರವಾಗದಂತೆ ಮಾಡುವ ವಸ್ತುವಿನ ನಡುವೆ ನೂಲು ಸುತ್ತುವವರು ಎಚ್ಚರದಿಂದ ಕೆಲಸ ಮಾಡಬೇಕಿತ್ತು.

ಶಾರ್ಡೊನೆಯ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಒದ್ದೆ ಹತ್ತಿ. ನೈಟ್ರೇಟ್ ಮಾಡಿದ ಹತ್ತಿಯನ್ನು ಕರಗಿಸುವ ಮೊದಲು ಪೂರ್ತಿ ಒಣಗಿಸಬೇಕು ಎಂದು ಎಲ್ಲರೂ ನಂಬಿದ್ದರು. ಒಣಗಿದ ನೈಟ್ರೋಸೆಲ್ಯುಲೋಸಿನಷ್ಟು ಅಪಾಯದ್ದು ಆ ಕಾರ್ಖಾನೆಯಲ್ಲಿ ಮತ್ತೊಂದಿರಲಿಲ್ಲ. ಕಾಲುಭಾಗದಷ್ಟು ನೀರನ್ನು ಹಾಗೇ ಉಳಿಸಿ ಕರಗಿಸಿದರೆ ಅಂಟು ಇನ್ನೂ ಚೆನ್ನಾಗಿ ಹರಿಯುತ್ತದೆ, ನೇರ ಗಾಳಿಯಲ್ಲೇ ಎಳೆಯಾಗುತ್ತದೆ ಎಂದು ಶಾರ್ಡೊನೆ ಕಂಡುಕೊಂಡ. ಅಪಾಯದ ಒಂದು ಇಡೀ ಹಂತ ಕಾರ್ಖಾನೆಯಿಂದಲೇ ಮಾಯವಾಯಿತು. ಕಾವಲು ಹಾಕಲಿಲ್ಲ, ಬೋರ್ಡು ಬರೆಸಲಿಲ್ಲ. ಆ ಕೆಲಸವೇ ಬೇಡವಾಗುವಂತೆ ಮಾಡಿದ.

ಈಗ ನನ್ನ ಕಥೆ. ನಾನು ಪುಣೆಯಲ್ಲಿ ಕುಳಿತು ಕಾರ್ಖಾನೆಗಳ ಕಂಟ್ರೋಲ್ ರೂಮಿನ ಸ್ಕ್ರೀನುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಗುಜರಾತಿನ ಒಂದು ಕಾರ್ಖಾನೆ ನಮ್ಮ ಗಿರಾಕಿ, ಜೀನ್ಸಿಗೂ ಕಾಲುಚೀಲಕ್ಕೂ ಹಾಕುವ ಹಿಗ್ಗುವ ನೂಲು ಅಲ್ಲಿ ತಯಾರಾಗುತ್ತದೆ. ಅಲ್ಲಿಯ ದ್ರಾವಕ ಡೈಮಿಥೈಲ್ ಅಸಿಟಮೈಡ್. ಅದು ಕುದಿಯುವುದು 165 ಡಿಗ್ರಿಗೆ, ಆದ್ದರಿಂದ ಎತ್ತರದ ಗೋಪುರದಲ್ಲಿ ಬಿಸಿ ಅನಿಲ ಊದಿ ಎಳೆಯಿಂದ ಬಿಡಿಸಿ, ತಂಪು ಮಾಡಿ ಹಿಡಿದು ಮತ್ತೆ ಬಳಸುತ್ತಾರೆ. ಎಲ್ಲಾದರೂ ಸೋರಿದರೆ ಗೊತ್ತಾಗಲು ಹಾಲ್‌ನಲ್ಲಿ ಸೆನ್ಸರುಗಳು. ಸ್ಕ್ರೀನಿನಲ್ಲಿ ಒಂದು ಹಸಿರು ಚೌಕ, ಅದರೊಳಗೆ ‘ಸುರಕ್ಷಿತ’ ಎಂಬ ಅರ್ಥದ ಇಂಗ್ಲಿಷ್ ಪದ. ಆ ಪದ ಆರಿಸಿದವನು ನಾನೇ.

ಒಂದು ರಾತ್ರಿ ಪಾಳಿಯ ಆಪರೇಟರ್ ಫೋನ್ ಮಾಡಿದರು. ಹೆಸರು ಕೇಳಿ ಕನ್ನಡದವನೆಂದು ಗೊತ್ತಾಗಿ ಮಾತು ಕನ್ನಡಕ್ಕೆ ತಿರುಗಿತು. ಬೀದರ್ ಕಡೆಯವರು. ನನ್ನನ್ನು ಸಾರ್ ಎಂದರು, ನಾನು ಅಣ್ಣಾ ಎಂದೆ. ನಾಲ್ಕು ದಿನದಿಂದ ಹಾಲ್‌ನಲ್ಲಿ ಹಳಸಿದ ಮೀನಿನಂಥ ವಾಸನೆ, ಹೊಟ್ಟೆ ತೊಳೆಸುತ್ತದೆ, ಆದರೆ ನಿಮ್ಮ ಪರದೆ ಹಸಿರೇ ತೋರಿಸುತ್ತದಲ್ಲ, ಮೇಲಿನವರನ್ನು ಕೇಳಿದರೆ ಪರದೆ ನೋಡು ಅನ್ನುತ್ತಾರೆ ಎಂದರು. ಸೆನ್ಸರ್ ಕೆಟ್ಟಿರಬೇಕೆಂದು ಲಾಗ್ ತೆಗೆದೆ. ಕೆಟ್ಟಿರಲಿಲ್ಲ. ಆ ಸೆನ್ಸರುಗಳು ಅಳೆಯುತ್ತಿದ್ದದ್ದು ಸ್ಫೋಟದ ಮಿತಿಯನ್ನು. ಆ ದ್ರಾವಕದ ಆವಿ ಗಾಳಿಯಲ್ಲಿ ನೂರಕ್ಕೆ 1.8 ಪಾಲು ಆದರೆ ಸಿಡಿಯುತ್ತದೆ, ಅಂದರೆ 18 ಸಾವಿರ ಪಿಪಿಎಂ. ಅದರ ಐದನೇ ಒಂದು ಭಾಗಕ್ಕೆ, 3,600ಕ್ಕೆ, ಅಲಾರಂ ಇಟ್ಟಿದ್ದೆವು. ಆದರೆ ಎಂಟು ಗಂಟೆ ದುಡಿಯುವ ಮನುಷ್ಯ ಉಸಿರಾಡಬಹುದಾದ ಮಿತಿ 10 ಪಿಪಿಎಂ. ಅದಕ್ಕಿಂತ ಹೆಚ್ಚಾದರೆ ಯಕೃತ್ತಿಗೆ, ಅಂದರೆ ಲಿವರಿಗೆ ಪೆಟ್ಟು. ಚರ್ಮದ ಮೂಲಕವೂ ಅದು ಒಳಗಿಳಿಯುತ್ತದೆ. ಕಟ್ಟಡಕ್ಕೆ ಸುರಕ್ಷಿತವಾದ ಗಾಳಿ ಕಟ್ಟಡದೊಳಗಿನ ಮನುಷ್ಯನಿಗೆ ಮುನ್ನೂರು ಪಟ್ಟು ಮಿತಿಮೀರಿರಬಹುದು, ಚೌಕ ಮಾತ್ರ ಹಸಿರು.

ಮರುದಿನ ಮೀಟಿಂಗಿನಲ್ಲಿ ಹೇಳಿದೆ. ಇದು ನಮ್ಮ ಒಪ್ಪಂದದ ವ್ಯಾಪ್ತಿಯಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು. ಅದು ನಿಜವೂ ಆಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಆ ಪದ ಒಂದೇ. ಅದನ್ನು ಅಳಿಸಿ ‘ಸ್ಫೋಟದ ಮಿತಿಯೊಳಗೆ’ ಎಂದು ಬದಲಾಯಿಸಿದೆ. ಪದ ಬದಲಾದದ್ದೇ ಅಲ್ಲಿಯ ಸುರಕ್ಷತಾ ಅಧಿಕಾರಿ ಫೋನ್ ಮಾಡಿ ಇದರ ಅರ್ಥವೇನು ಎಂದು ಕೇಳಿದರು. ಹೇಳಿದೆ. ಸೋರುತ್ತಿದ್ದ ಗ್ಯಾಸ್ಕೆಟ್ ಒಂದೇ ವಾರದಲ್ಲಿ ಬದಲಾಯಿತು. ಕಡಿಮೆ ಮಟ್ಟ ಅಳೆಯುವ ಉಪಕರಣ ಬರಲು ಆರು ತಿಂಗಳು ಹಿಡಿಯಿತು. ಶಾರ್ಡೊನೆಯನ್ನು ನಾನು ಓದಲು ಕೂತದ್ದು ಆ ಆರು ತಿಂಗಳಲ್ಲಿ, ಈ ವಾಸನೆ ಎಲ್ಲಿಂದ ಶುರುವಾಯಿತು ನೋಡೋಣ ಎಂದು.

ಆತನ ರೇಷ್ಮೆಯನ್ನು ಕೊನೆಗೆ ಸೋಲಿಸಿದ್ದೂ ದ್ರಾವಕದ ಖರ್ಚೇ. ಆರು ಕಿಲೋ ಈಥರ್ ಆಲ್ಕೋಹಾಲಿನಲ್ಲಿ ಹಿಡಿದು ಮರಳಿ ಬಳಸಿದ್ದು ಎಷ್ಟು, ಗಾಳಿಗೆ ಹೋದದ್ದು ಎಷ್ಟು ಎಂಬುದರ ಮೇಲೆ ಲಾಭನಷ್ಟ ನಿಂತಿತ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡ್ಲ್ ವಿಸ್ಕೋಸ್ ಕಂಡುಹಿಡಿದರು. ಮರದ ತಿರುಳು, ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್. ಈಥರ್ ಬೇಡ, ಹತ್ತಿಯೂ ಬೇಡ, ಅಗ್ಗ. 1905ರಲ್ಲಿ ಕೋರ್ಟಾಲ್ಡ್ಸ್ ಕಂಪನಿ ಕೊವೆಂಟ್ರಿಯಲ್ಲಿ ಅದನ್ನು ತಯಾರಿಸತೊಡಗಿದ ಮೇಲೆ ಶಾರ್ಡೊನೆ ರೇಷ್ಮೆಯ ದಿನಗಳು ಎಣಿಸಿದಂತಾಯಿತು. ಬೆಂಕಿಯ ಭಯ ತಗ್ಗಿತು ನಿಜ. ಆದರೆ ಕಾರ್ಬನ್ ಡೈಸಲ್ಫೈಡ್ ನರಗಳನ್ನು ತಿನ್ನುವ ವಿಷ, ಕಾರ್ಮಿಕರ ಕೈಕಾಲು ಜೋಮು ಹಿಡಿಯುತ್ತಿತ್ತು, ಬುದ್ಧಿ ಕದಡುತ್ತಿತ್ತು. ಸಿಡಿಯುವ ಆವಿ ಹೋಗಿ ಸದ್ದಿಲ್ಲದ ಆವಿ ಬಂತು. ದ್ರಾವಕವನ್ನು ನೂರಕ್ಕೆ 99 ಪಾಲಿಗಿಂತ ಹೆಚ್ಚು ಮರಳಿ ಹಿಡಿಯುವ ಲಯೋಸೆಲ್ ನೂಲು ಬರಲು ಇಪ್ಪತ್ತನೇ ಶತಮಾನ ಮುಗಿಯುತ್ತ ಬರಬೇಕಾಯಿತು.

ಮುದುಕ ಶಾರ್ಡೊನೆಗೆ 1919ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. ಆಗ ಎಂಬತ್ತು ವರ್ಷ. 1924ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಅಮೆರಿಕದ ಬಟ್ಟೆ ವ್ಯಾಪಾರಿಗಳು ‘ಕೃತಕ ರೇಷ್ಮೆ’ ಎಂಬ ಹೆಸರು ಕೀಳಾಗಿ ಕೇಳುತ್ತದೆಂದು ಬಿಟ್ಟು ‘ರೇಯಾನ್’ ಎಂಬ ಹೊಸ ಹೆಸರಿಟ್ಟರು. ಆತನ ವಿಧಾನದಲ್ಲಿ ನೂಲು ತೆಗೆಯುತ್ತಿದ್ದ ಕೊನೆಯ ಕಾರ್ಖಾನೆ ಉಳಿದದ್ದು ಬ್ರೆಜಿಲ್‌ನಲ್ಲಿ. ಅದು 1949ರಲ್ಲಿ ಸುಟ್ಟುಹೋಯಿತು.

ಇದನ್ನೆಲ್ಲ ಅಮ್ಮನಿಗೆ ಅರ್ಧರಾತ್ರಿಯವರೆಗೆ ಹೇಳಿದೆ. ಅವರು ಕೇಳಿದ್ದು ಎರಡೇ. ಬೀದರಿನ ಆ ಅಣ್ಣ ಈಗ ಹೇಗಿದ್ದಾರೆ? ಚೆನ್ನಾಗಿದ್ದಾರೆ, ಬೇರೆ ವಿಭಾಗಕ್ಕೆ ಹೋದರು ಎಂದೆ. ಎರಡನೆಯದು, ಈ ಬ್ಲೌಸ್ ಪೀಸನ್ನು ಒಗೆಯುವುದು ಹೇಗೆ? ವಿಸ್ಕೋಸ್ ಕೂಡ ಶಾರ್ಡೊನೆಯ ನೂಲಿನಂತೆ ಒದ್ದೆಯಾದಾಗ ಅರ್ಧ ಬಲ ಕಳೆದುಕೊಳ್ಳುತ್ತದೆ. ತಣ್ಣೀರಲ್ಲಿ ಅದ್ದಿ, ಹಿಂಡಬೇಡಿ, ನೆರಳಲ್ಲಿ ಹರವಿ ಎಂದೆ. ಮಾರನೇ ದಿನ ಬಾಲ್ಕನಿಯಲ್ಲಿ ಅದು ನೀರು ಸೋರುತ್ತ ಹರವಿಕೊಂಡಿತ್ತು. ಗಾಳಿಯಾಡಲೆಂದು ಅಮ್ಮ ಕಿಟಕಿಗಳನ್ನೆಲ್ಲ ತೆಗೆದಿಟ್ಟಿದ್ದರು.